ಬೆಂಗಳೂರಿನ ಪುಟ್ಟ ವಸ್ತುಸಂಗ್ರಹಾಲಯಗಳನ್ನು ನೋಡುವ ಬಗೆ

ಬೆಂಗಳೂರಿನ ಹೆಸರಾಂತ ವಸ್ತುಸಂಗ್ರಹಾಲಯಗಳಿಗೆ ಟಿಕೆಟ್ ಕೊಂಡರೆ ಸಾಕು, ಒಳಗೆ ಹೋಗಬಹುದು. ಆದರೆ ಈ ಊರಿನ ಅಪರೂಪದ ಕೆಲವು ಸಂಗ್ರಹಗಳು ಆಸ್ಪತ್ರೆ, ಸಂಶೋಧನಾಲಯ ಮತ್ತು ಕಲಾಸಂಸ್ಥೆಗಳ ಆವರಣದೊಳಗಿವೆ. ಅಲ್ಲಿ ಸಂಸ್ಥೆಯ ಕೆಲಸವೇ ಮೊದಲು, ಸಂದರ್ಶಕರು ಆಮೇಲೆ. ಆದ್ದರಿಂದ ಹೊರಡುವ ಮುನ್ನ ಫೋನ್ ಮಾಡಿ ದಿನ, ಸಮಯ ಮತ್ತು ಅನುಮತಿಯ ವಿಚಾರ ತಿಳಿದುಕೊಳ್ಳಿ. ಗೇಟಿನಲ್ಲಿ ಕೇಳಿದರೆ ತೋರಿಸಲು ಗುರುತಿನ ಚೀಟಿಯೂ ಜೊತೆಯಲ್ಲಿರಲಿ.

ಒಂದನ್ನೇ ನೋಡಲು ಬಿಡುವಿದ್ದರೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿರುವ ಮೆದುಳಿನ ಸಂಗ್ರಹಾಲಯವನ್ನೇ ಆರಿಸಿಕೊಳ್ಳಿ. ಕೆಡದಂತೆ ಕಾಪಾಡುವ ಫಾರ್ಮಲಿನ್ ದ್ರಾವಣದಲ್ಲಿಟ್ಟ ನೂರಾರು ಮಾನವ ಮೆದುಳುಗಳು ಇಲ್ಲಿವೆ. ಸುಮ್ಮನೆ ಜಾಡಿಗಳ ಮುಂದೆ ನಡೆದು ಹೋದರೆ ಎಲ್ಲವೂ ಒಂದೇ ರೀತಿ ಕಾಣುತ್ತವೆ. ಸಿಬ್ಬಂದಿಯ ವಿವರಣೆ ಇರುವ ಸಮಯಕ್ಕೇ ಹೋಗಿ, ಆರೋಗ್ಯವಂತ ಮೆದುಳನ್ನು ಕಾಯಿಲೆಯ ಮೆದುಳಿನೊಂದಿಗೆ ಹೋಲಿಸಿ ನೋಡಿ. ಮರೆವಿನ ಕಾಯಿಲೆಯಲ್ಲಿ ಮಡಿಕೆಗಳು ಕುಗ್ಗಿ ನಡುವಿನ ಬಿರುಕುಗಳು ಅಗಲವಾಗಿರುತ್ತವೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ನಡುಮೆದುಳಿನಲ್ಲಿರಬೇಕಾದ ಕಪ್ಪು ಪಟ್ಟಿ ಮಾಸಿಹೋಗಿರುತ್ತದೆ. ಕೈಗವಸು ತೊಟ್ಟು ನಿಜವಾದ ಮೆದುಳೊಂದನ್ನು ಹಿಡಿದು ನೋಡುವ ಅವಕಾಶವೂ ಇಲ್ಲಿ ಸಿಗುತ್ತದೆ. ಫಾರ್ಮಲಿನ್ ಅದನ್ನು ಗಟ್ಟಿಯಾಗಿಸಿರುತ್ತದೆ ಎಂಬುದು ನೆನಪಿರಲಿ, ತಲೆಬುರುಡೆಯೊಳಗೆ ಅದು ತೀರಾ ಮೆತ್ತಗಿರುತ್ತದೆ. ಹೆಲ್ಮೆಟ್ ಧರಿಸಲು ಹಿಂಜರಿಯುವ ಹುಡುಗರನ್ನು ಇಲ್ಲಿಗೊಮ್ಮೆ ಕರೆತರುವುದು ಒಳ್ಳೆಯದು. ತೀರಾ ಎಳೆಯ ಮಕ್ಕಳನ್ನು ಮಾತ್ರ ಬಿಟ್ಟು ಬನ್ನಿ.

ಸರ್ ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಅವರು ಆಸೆಪಟ್ಟು ಕೂಡಿಸಿದ ಹರಳು, ಖನಿಜ, ಚಿಪ್ಪು ಮತ್ತು ಚಿಟ್ಟೆಗಳ ಸಂಗ್ರಹವಿದೆ. ಇದಕ್ಕೆ ಮುಂಚಿತವಾಗಿ ಅನುಮತಿ ಪಡೆಯಲೇಬೇಕು. ಶಾಲೆ ಅಥವಾ ಗುಂಪಿನ ಪರವಾಗಿ ಪತ್ರ ಬರೆದರೆ ಅನುಕೂಲ. ಸಾಮಾನ್ಯ ಬೆಳಕಿನಲ್ಲಿ ಬರೀ ಕಲ್ಲಿನಂತೆ ಕಾಣುವ ಕೆಲವು ಖನಿಜಗಳು ನೇರಳಾತೀತ ಬೆಳಕಿನಲ್ಲಿ ಬಣ್ಣಬಣ್ಣವಾಗಿ ಹೊಳೆಯುತ್ತವೆ. ಅದನ್ನು ತೋರಿಸುವಂತೆ ಕೇಳಲು ಸಂಕೋಚ ಬೇಡ.

ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಜನ ಚಿತ್ರಸಂತೆಗೆಂದು ಬರುತ್ತಾರೆ, ಪರಿಷತ್ತಿನ ಸ್ಥಾಪಕರಲ್ಲೊಬ್ಬರಾದ ಎಂ.ಎಸ್. ನಂಜುಂಡರಾವ್ ಊರೂರು ಸುತ್ತಿ ಕೂಡಿಸಿದ ತೊಗಲುಗೊಂಬೆಗಳನ್ನು ಮಾತ್ರ ನೋಡದೆಯೇ ಮರಳುತ್ತಾರೆ. ಗೊಂಬೆಯ ಬಣ್ಣಕ್ಕಿಂತ ಮೊದಲು ಅದರಲ್ಲಿ ಕೊರೆದ ತೂತುಗಳನ್ನು ಗಮನಿಸಿ: ಹಿಂದಿನಿಂದ ದೀಪದ ಬೆಳಕು ಬಿದ್ದಾಗ ಒಡವೆ, ಸೀರೆಯ ಅಂಚುಗಳಾಗಿ ಮೂಡುವುದು ಆ ತೂತುಗಳೇ. ಕೆಲವೆಡೆ ಒಂದೇ ತೊಗಲಿನಲ್ಲಿ ಇಡೀ ಸನ್ನಿವೇಶವನ್ನೇ ಕತ್ತರಿಸಿರುತ್ತಾರೆ. ಅದೇ ರಸ್ತೆಯಲ್ಲಿ ಗಾಂಧಿ ಭವನವಿರುವುದರಿಂದ ಎರಡನ್ನೂ ಒಂದೇ ಬೆಳಿಗ್ಗೆ ಮುಗಿಸಬಹುದು.

ಎಂ.ಜಿ. ರಸ್ತೆಯ ಬಳಿ ಮೇಯೋ ಹಾಲ್‌ನಲ್ಲಿರುವ ಕೆಂಪೇಗೌಡ ವಸ್ತುಸಂಗ್ರಹಾಲಯದಲ್ಲಿ ಚಿತ್ರ ಮತ್ತು ನಕ್ಷೆಗಳೇ ಹೆಚ್ಚು. ಆ ಕಡೆ ಬೇರೆ ಕೆಲಸವಿದ್ದಾಗ ನೋಡಿಕೊಂಡು ಬಂದರಾಯಿತು. ನಿಮ್ಹಾನ್ಸ್ ಮತ್ತು ರಾಮನ್ ಸಂಸ್ಥೆಗಳನ್ನು ಮಾತ್ರ ಒಂದೇ ದಿನಕ್ಕೆ ಇಟ್ಟುಕೊಳ್ಳಬೇಡಿ. ಒಂದು ಊರಿನ ದಕ್ಷಿಣಕ್ಕೆ, ಇನ್ನೊಂದು ಉತ್ತರಕ್ಕೆ. ನಡುವೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಕೊಟ್ಟ ಸಮಯ ತಪ್ಪಿಹೋಗುತ್ತದೆ.