ಹದಿನೆಂಟಕ್ಕೆ ಮೊದಲೇ ದೊಡ್ಡವರಾಗುವ ಅರ್ಜಿ: ಕ್ಯಾಲಿಫೋರ್ನಿಯಾದಲ್ಲಿ ನಾವು ಮಾಡಿದ್ದು

ಭಾವನ ಕೆಲಸ ಹೋಗಿ ಅಕ್ಕ-ಭಾವ ಊರಿಗೆ ವಾಪಸ್ ಹೊರಟಾಗ ಅವರ ಮಗನಿಗೆ ಹದಿನಾರು. ಅವನು ಹುಟ್ಟಿದ್ದು ಇಲ್ಲೇ, ಸ್ಯಾನ್ ಹೋಸೆಯಲ್ಲಿ. ಹೈಸ್ಕೂಲ್ ಇನ್ನೂ ಎರಡು ವರ್ಷ ಬಾಕಿ. "ನಾನು ಇಲ್ಲೇ ಇರ್ತೀನಿ ಅಮ್ಮ" ಅಂದ. ಎಮಾನ್ಸಿಪೇಷನ್ ಅನ್ನೋ ಪದವನ್ನು ನಾನು ಮೊದಲು ಕೇಳಿದ್ದು ಆಗಲೇ. ಹದಿನೆಂಟು ತುಂಬುವ ಮೊದಲೇ ಕೋರ್ಟಿನ ಆದೇಶದಿಂದ ಕಾನೂನಿನ ಕಣ್ಣಿಗೆ ದೊಡ್ಡವರಾಗುವುದು. ಊರಲ್ಲಿ ಇಂಥ ಅರ್ಜಿಯನ್ನು ನಾವು ಕಂಡವರಲ್ಲ, ಹಾಗಾಗಿ ನಮ್ಮ ಮನೆಗಳಲ್ಲಿ ಇದರ ಬಗ್ಗೆ ತಪ್ಪು ತಿಳಿವಳಿಕೆ ಜಾಸ್ತಿ. ಅಪ್ಪ-ಅಮ್ಮ ಸಹಿ ಹಾಕಿದರೆ ಮುಗೀತು ಅಂತ ನಾನೂ ಅಂದುಕೊಂಡಿದ್ದೆ.

ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ನಿಜವಾಗಿ ಬೇಕಾ? ಮಗು ಸಂಬಂಧಿಕರ ಮನೆಯಲ್ಲಿದ್ದು, ಶಾಲೆಗೆ ಸೇರಿಸೋಕೆ, ಡಾಕ್ಟರ ಹತ್ತಿರ ಕರೆದೊಯ್ಯೋಕೆ ಮಾತ್ರ ಅಧಿಕಾರ ಬೇಕಿದ್ದರೆ, ಸಂಬಂಧಿಕರು ತುಂಬುವ 'ಕೇರ್‌ಗಿವರ್ಸ್ ಆಥರೈಸೇಷನ್ ಅಫಿಡವಿಟ್' ಸಾಕು. ಕೋರ್ಟಿಗೆ ಹೋಗಬೇಕಿಲ್ಲ. ತುಂಬ ಮನೆಗಳಿಗೆ ಇದೇ ಸರಿ ಅಂತ ನನ್ನ ಅನಿಸಿಕೆ. ಮೊದಲ ಕೆಲವು ತಿಂಗಳು ನಾವೂ ಇದರಲ್ಲೇ ನಡೆಸಿದೆವು. ಆದರೆ ನಮ್ಮ ಹುಡುಗ ಕಾಲೇಜಿನ ಹತ್ತಿರ ಸ್ವಂತ ಹೆಸರಲ್ಲಿ ರೂಮು ಹಿಡಿಯಬೇಕು, ಕಾಲೇಜಿನ ಕಾಗದಪತ್ರಕ್ಕೆ ತಾನೇ ಸಹಿ ಹಾಕಬೇಕು ಅಂತಿದ್ದ. ಅದಕ್ಕೇ ಮುಂದುವರಿದೆವು.

ಕ್ಯಾಲಿಫೋರ್ನಿಯಾದ ಕಾನೂನು ಕೇಳುವುದು ಇಷ್ಟು. ವಯಸ್ಸು ಕನಿಷ್ಠ 14 ಆಗಿರಬೇಕು. ಮಗು ಸ್ವಂತ ಇಷ್ಟದಿಂದ ಅಪ್ಪ-ಅಮ್ಮನಿಂದ ಬೇರೆ ಇರಬೇಕು, ಅದಕ್ಕೆ ಅವರ ಒಪ್ಪಿಗೆ ಇರಬೇಕು, ಇಲ್ಲವೇ ಗೊತ್ತಿದ್ದೂ ತಡೆಯದೆ ಬಿಟ್ಟಿರಬೇಕು. ತನ್ನ ಹಣಕಾಸನ್ನು ತಾನೇ ನೋಡಿಕೊಳ್ಳುತ್ತಿರಬೇಕು. ದುಡ್ಡು ಅಪರಾಧದಿಂದ ಬಂದದ್ದಾಗಿರಬಾರದು. ಇಷ್ಟೆಲ್ಲ ಇದ್ದರೂ, ಕೊಟ್ಟರೆ ಮಗುವಿಗೆ ಒಳ್ಳೆಯದಾಗಲ್ಲ ಅಂತ ಜಡ್ಜ್‌ಗೆ ಅನಿಸಿದರೆ ಕೊಡುವುದಿಲ್ಲ. ಬೇರೆ ರಾಜ್ಯಗಳ ನಿಯಮ ಬೇರೆ, ನೋಡಿಕೊಳ್ಳಿ.

ಗಮನಿಸಿದಿರಾ, "ಇರಬೇಕು" ಅಂತಿದೆ, "ಮುಂದೆ ಇರುತ್ತೇನೆ" ಅಂತಲ್ಲ. ಅರ್ಜಿ ಹಾಕುವ ದಿನಕ್ಕೇ ಮಗು ಹಾಗೆ ಬದುಕುತ್ತಿರಬೇಕು. ನಮಗೆ ಕಷ್ಟವಾಗಿದ್ದು ಇಲ್ಲೇ. ಅಕ್ಕ ತಿಂಗಳು ತಿಂಗಳು ದುಡ್ಡು ಕಳಿಸುತ್ತಿದ್ದಳು. ಅದನ್ನು ನಿಲ್ಲಿಸಿದೆವು. ಹುಡುಗನಿಗೆ ಅಂಗಡಿಯೊಂದರಲ್ಲಿ ಪಾರ್ಟ್‌ಟೈಮ್ ಕೆಲಸ, ತಿಂಗಳಿಗೆ ಸುಮಾರು 1,300 ಡಾಲರ್ ಕೈಗೆ. ಅದರಲ್ಲಿ 500 ನನಗೆ ಬಾಡಿಗೆ. ನಾನು ಎತ್ತಿ ಆಡಿಸಿದ ಮಗುವಿನಿಂದ ಬಾಡಿಗೆ ತಗೊಂಡು ರಸೀದಿ ಬರೆದುಕೊಡುವುದು! ಮೊದಲ ತಿಂಗಳು ಕೈ ಬರಲಿಲ್ಲ. "ಬರೀರಿ ಚಿಕ್ಕಮ್ಮ, ಕೋರ್ಟಿಗೆ ಬೇಕು" ಅಂತ ಅವನೇ ಪುಸ್ತಕ ಮುಂದಿಟ್ಟ. ಆರು ತಿಂಗಳ ರಸೀದಿ, ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಫೋನ್ ಬಿಲ್ಲು, ಎಲ್ಲ ಒಂದು ಫೈಲಿನಲ್ಲಿ ಸೇರಿಸಿದೆವು.

ಅರ್ಜಿಯ ಫಾರಂ ಇಎಂ-100. ಜೊತೆಗೆ ಆದಾಯ-ಖರ್ಚು ತೋರಿಸುವ ಫಾರಂ. ಮಗು ಇರುವ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಸುಪೀರಿಯರ್ ಕೋರ್ಟಿನಲ್ಲಿ ಸಲ್ಲಿಸಬೇಕು. ಶುಲ್ಕ ಕಟ್ಟೋಕೆ ಆಗದಿದ್ದರೆ ಎಫ್‌ಡಬ್ಲ್ಯೂ-001 ತುಂಬಿ ಮಾಫಿ ಕೇಳಬಹುದು. ಕೋರ್ಟಿನ ಸೆಲ್ಫ್-ಹೆಲ್ಪ್ ಸೆಂಟರ್‌ನಲ್ಲಿ ಫಾರಂ ತುಂಬಲು ದುಡ್ಡಿಲ್ಲದೆ ಸಹಾಯ ಸಿಗುತ್ತದೆ. ಸಂಕೋಚಪಡಬೇಡಿ, ಹೋಗಿ.

ಇಎಂ-100ರಲ್ಲೇ ಅಪ್ಪ-ಅಮ್ಮ ಒಪ್ಪಿಗೆ ಬರೆದು ಸಹಿ ಹಾಕುವ ಜಾಗ ಇದೆ. ತಮಗೆ ವಿಚಾರಣೆಯ ನೋಟಿಸ್ ಕೊಡುವುದು ಬೇಡ ಅಂತಲೂ ಅವರು ಅಲ್ಲೇ ಹೇಳಬಹುದು. ಫಾರಂ ಪ್ರಿಂಟ್ ತೆಗೆದುಕೊಂಡು ಅಕ್ಕ ವಿಡಿಯೊ ಕಾಲ್‌ನಲ್ಲಿ ಕೂತಳು. ಪೆನ್ನಿನ ಕ್ಯಾಪ್ ತೆಗೆಯೋದು, ಹಾಕೋದು. ಕೊನೆಗೆ ಕೇಳಿದಳು: "ಇದಕ್ಕೆ ಸಹಿ ಹಾಕಿದ್ರೆ ನಾನು ಅವನ ತಾಯಿ ಅಲ್ಲ ಅಂತ ಆಗುತ್ತೇನೇ?" ಇಲ್ಲ. ನಿಲ್ಲುವುದು ಮೂರು: ಅವನನ್ನು ಸಾಕಬೇಕಾದ ಕಾನೂನಿನ ಹೊಣೆ, ಅವನ ಸಂಪಾದನೆಯ ಮೇಲಿನ ಹಕ್ಕು, ಅವನನ್ನು ಹಿಡಿತದಲ್ಲಿಡುವ ಅಧಿಕಾರ. ತಾಯಿ ತಾಯಿಯೇ. ಇದನ್ನು ಅಪ್ಪ-ಅಮ್ಮನಿಗೆ ನಿಧಾನಕ್ಕೆ ಬಿಡಿಸಿ ಹೇಳಿ, ಆಮೇಲೆ ಸಹಿ ಕೇಳಿ. ಅರ್ಥವಾಗದೆ ಹಾಕಿದ ಸಹಿ ಯಾರಿಗೂ ಒಳ್ಳೆಯದಲ್ಲ.

ಅಪ್ಪ-ಅಮ್ಮ ಒಪ್ಪದಿದ್ದರೆ? ಅವರಿಗೆ ನೋಟಿಸ್ ಹೋಗುತ್ತದೆ, ಅವರು ಬಂದು ಬೇಡ ಅನ್ನಬಹುದು, ಜಡ್ಜ್ ಇಬ್ಬರ ಮಾತೂ ಕೇಳುತ್ತಾರೆ. ಅವರು ಎಲ್ಲಿದ್ದಾರೆ ಅಂತಲೇ ಗೊತ್ತಿಲ್ಲದಿದ್ದರೆ, ಅಥವಾ ತಿಳಿಸಿದರೆ ಮಗುವಿಗೆ ಅಪಾಯ ಅನ್ನುವಂತಿದ್ದರೆ, ಅದನ್ನು ಅರ್ಜಿಯಲ್ಲೇ ಬರೆದು ನೋಟಿಸ್ ಬೇಡ ಅಂತ ಕೇಳಬಹುದು. ಹೊಡೆತ-ಬಡಿತ ಇರುವ ಮನೆಯಾದರೆ ಈ ಅರ್ಜಿಗೆ ಕಾಯಬೇಡಿ, ಮಕ್ಕಳ ರಕ್ಷಣೆಯ ಸಹಾಯವಾಣಿಗೆ ಮೊದಲು ಫೋನ್ ಮಾಡಿ.

ನಮ್ಮನ್ನು ವಿಚಾರಣೆಗೆ ಕರೆದರು. ಜಡ್ಜ್ ಅಕ್ಕನ ಸಹಿಯನ್ನು ಒಮ್ಮೆ ನೋಡಿ ಪುಟ ತಿರುಗಿಸಿದರು. ಉಳಿದ ಅಷ್ಟೂ ಹೊತ್ತು ಖರ್ಚಿನ ಪ್ರಶ್ನೆಗಳೇ. ಫೋನ್ ಬಿಲ್ಲು ಯಾರು ಕಟ್ಟೋದು? ಹಲ್ಲು ನೋವು ಬಂದರೆ? ಕೆಲಸ ಹೋದರೆ ಎರಡು ತಿಂಗಳು ಹೇಗೆ? ಈ ಮೂರನೆಯದಕ್ಕೆ ಮೊದಲೇ ಉತ್ತರ ಇಟ್ಟುಕೊಳ್ಳಿ. ಉತ್ತರ ಮಗುವಿನ ಬಾಯಿಂದಲೇ ಬರಬೇಕು. ನಾನು ಒಮ್ಮೆ ಬಾಯಿ ಹಾಕಲು ಹೋದೆ, ಜಡ್ಜ್ ಕೈ ಎತ್ತಿ ತಡೆದರು.

ಆದೇಶ ಸಿಕ್ಕ ಮೇಲೆ ಅವನು ಕರಾರಿಗೆ ಸಹಿ ಹಾಕಬಹುದು, ಚಿಕಿತ್ಸೆಗೆ ತಾನೇ ಒಪ್ಪಿಗೆ ಕೊಡಬಹುದು, ತಾನೇ ಶಾಲೆಗೆ ಸೇರಬಹುದು. ಕಾಲೇಜಿನ ಸರ್ಕಾರಿ ಧನಸಹಾಯದ ಅರ್ಜಿಯಲ್ಲಿ ಅಪ್ಪ-ಅಮ್ಮನ ಆದಾಯ ತೋರಿಸಬೇಕಿಲ್ಲ. ಆದರೆ ಓಟು, ಮದ್ಯ ಎರಡೂ ಇಲ್ಲ. ಶಾಲೆ ತಪ್ಪಿಸುವಂತಿಲ್ಲ. ಕೆಲಸಕ್ಕೆ ವರ್ಕ್ ಪರ್ಮಿಟ್ (ಹದಿನೆಂಟು ತುಂಬದವರಿಗೆ ಕೊಡುವ ಕೆಲಸದ ಅನುಮತಿ) ಬೇಕೇ ಬೇಕು, ಶಾಲೆಯ ದಿನ ನಾಲ್ಕು ತಾಸಷ್ಟೇ ಕೆಲಸ ಅನ್ನುವ ಮಿತಿಯೂ ಹಾಗೇ ಇರುತ್ತದೆ. ಸುಳ್ಳು ಹೇಳಿ ಪಡೆದಿದ್ದರೆ, ಅಥವಾ ಮುಂದೆ ಬದುಕಲು ದಾರಿಯೇ ಇಲ್ಲದಂತಾದರೆ ಕೋರ್ಟ್ ಆದೇಶವನ್ನು ರದ್ದು ಮಾಡಬಹುದು.

ಆದೇಶದ ಸರ್ಟಿಫೈಡ್ ಪ್ರತಿಗಳನ್ನು ಒಂದೇ ಸಲ ನಾಲ್ಕೈದು ತೆಗೆದುಕೊಳ್ಳಿ. ಬ್ಯಾಂಕು, ಶಾಲೆ, ಮನೆ ಮಾಲೀಕರು, ಡಾಕ್ಟರು, ಎಲ್ಲರೂ ಕೇಳುತ್ತಾರೆ. ಡಿಎಂವಿಯಲ್ಲಿ (ಡ್ರೈವಿಂಗ್ ಲೈಸೆನ್ಸ್, ಐಡಿ ಕಾರ್ಡು ಕೊಡುವ ಇಲಾಖೆ) ಅರ್ಜಿ ಕೊಟ್ಟರೆ ಐಡಿ ಕಾರ್ಡಿನ ಮೇಲೂ ಇದನ್ನು ನಮೂದಿಸುತ್ತಾರೆ. ನಾವು ಐದು ತೆಗೆದುಕೊಂಡೆವು. ಒಂದನ್ನು ಅಕ್ಕ ಕೇಳಿ ತರಿಸಿಕೊಂಡಳು. ಅವನ ಜನನ ಪ್ರಮಾಣಪತ್ರ ಇರುವ ಕವರಿನಲ್ಲೇ ಇಟ್ಟಿದ್ದಾಳೆ.