ಏರು ಹೇಳುವ ಚರಿತ್ರೆ: ಬರ್ಗಂಡಿಯ ಹಳ್ಳಿದಾರಿಗಳಲ್ಲಿ ಸೈಕಲ್ ತುಳಿದ ನನ್ನ ಅನುಭವ

ಫ್ರಾನ್ಸಿನಲ್ಲಿ ಸೈಕಲ್ ಪ್ರವಾಸ ಎಂದೊಡನೆ ಹೆಚ್ಚಿನವರು ಸೂಚಿಸುವುದು ಲ್ವಾರ್ ನದಿಯ ದಂಡೆಯನ್ನು. ಅಲ್ಲಿ ದಾರಿ ಸಮತಟ್ಟು, ಅರಮನೆಗಳು ಸಾಲುಸಾಲು, ಜೊತೆಗೆ ಪ್ರವಾಸಿಗರೂ ಸಾಲುಸಾಲು. ನಾನು ಆರಿಸಿಕೊಂಡದ್ದು ಬರ್ಗಂಡಿಯ ಒಳನಾಡಿನ ಓಸ್ವಾ ಸೀಮೆಯನ್ನು. ಸುಣ್ಣಕಲ್ಲಿನ ಗುಡ್ಡಗಳು, ಅವುಗಳ ನಡುವಿನ ಹುಲ್ಲುಗಾವಲುಗಳಲ್ಲಿ ಮೇಯುವ ಬಿಳಿಯ ಶಾರೊಲೇ ದನಗಳು, ಗಂಟೆಗೊಂದು ಕಾರು ಬಂದರೆ ಹೆಚ್ಚೆನಿಸುವ ರಸ್ತೆಗಳು: ಇಷ್ಟೇ ಆಗಿದ್ದರೂ ಸಾಕಿತ್ತು. ಆದರೆ ನನ್ನನ್ನು ಸೆಳೆದದ್ದು ಬೇರೆ ಸಂಗತಿ. ಇಲ್ಲಿನ ಮಠ, ಕೋಟೆ, ಇಗರ್ಜಿ ಒಂದೊಂದೂ ಕಣಿವೆಯಲ್ಲೋ ಗುಡ್ಡದ ನೆತ್ತಿಯಲ್ಲೋ ನೆಲೆಸಿರುವುದಕ್ಕೆ ಕಾರಣವಿದೆ, ಮತ್ತು ಆ ಕಾರಣ ಬಸ್ಸಿನ ಕಿಟಕಿಯಿಂದ ಕಾಣುವಂಥದ್ದಲ್ಲ. ಸ್ವಂತ ಕಾಲಿನಿಂದ ಏರಿದವರಿಗೆ ಮಾತ್ರ ತಿಳಿಯುತ್ತದೆ.

ಬಾಡಿಗೆ ಸೈಕಲ್ ತೆಗೆದುಕೊಳ್ಳುವವರು ಮೊದಲು ಬ್ರೇಕ್ ನೋಡಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಯಲ್ಲಿರುವ ಮುಂದಿನ ಬ್ರೇಕ್ ಅಲ್ಲಿ ಎಡಗೈಯಲ್ಲಿರುತ್ತದೆ. ಇಳಿಜಾರಿನಲ್ಲಿ ಕೈ ಹಳೆಯ ಅಭ್ಯಾಸದಂತೆಯೇ ನಡೆದುಕೊಳ್ಳುವುದರಿಂದ, ಅಂಗಡಿಯಲ್ಲಿಯೇ ಕೇಬಲ್ ಅದಲುಬದಲು ಮಾಡಿಸಿಕೊಂಡೆ. ಟೈರು 32 ಮಿಲಿಮೀಟರಿನದು ಬೇಕೆಂದು ಕೇಳಿ ಪಡೆದೆ. ಬೇಸಿಗೆಯಲ್ಲಿ ಡಾಂಬರಿನ ಮೇಲೆ ಸಣ್ಣ ಜಲ್ಲಿ ಚೆಲ್ಲಿ ರಸ್ತೆ ರಿಪೇರಿ ಮಾಡುವ ಪದ್ಧತಿ ಅಲ್ಲಿದೆ, ‘ಗ್ರಾವಿಯೋಂ’ ಎಂಬ ಫಲಕ ಕಂಡಲ್ಲಿ ಸಪೂರ ಟೈರು ಜಾರುತ್ತದೆ. ಗೇರಿನ ವಿಷಯದಲ್ಲಿ ಮುಂದೆ 34, ಹಿಂದೆಯೂ 34 ಹಲ್ಲಿದ್ದರೆ ಸಾಮಾನು ಹೇರಿಕೊಂಡೂ ಏರಬಹುದು. ನಂದಿಬೆಟ್ಟದಲ್ಲಿ ಅಭ್ಯಾಸ ಮಾಡಿದವರಿಗೆ ಇಲ್ಲಿನ ಯಾವ ಏರೂ ಉದ್ದವೆನಿಸದು. ಆದರೆ ನಂದಿಯನ್ನು ಒಮ್ಮೆ ಏರಿದರೆ ಮುಗಿಯಿತು, ಇಲ್ಲಿ ಒಂದು ಇಳಿದ ಕೂಡಲೇ ಇನ್ನೊಂದು ಕಾದಿರುತ್ತದೆ. ಫೋನಿನ ನಕ್ಷೆಗಿಂತ ಮಿಷಲಿನ್ ಕಾಗದದ ನಕ್ಷೆಯೇ ನನಗೆ ಹೆಚ್ಚು ಉಪಯೋಗಕ್ಕೆ ಬಂತು. ಚೆಲುವಾದ ರಸ್ತೆಗಳಿಗೆ ಅದರಲ್ಲಿ ಹಸಿರು ಅಂಚು ಇರುತ್ತದೆ, ಏರಿನ ದಿಕ್ಕಿಗೆ ಬಾಣದ ಗುರುತುಗಳಿರುತ್ತವೆ. ಒಂದು ಬಾಣವೆಂದರೆ ಶೇಕಡಾ 5ಕ್ಕೆ ಮೇಲ್ಪಟ್ಟ ಏರು, ಎರಡಾದರೆ 9ಕ್ಕೆ ಮೇಲ್ಪಟ್ಟದ್ದು, ಮೂರಾದರೆ 13ಕ್ಕೂ ಮೇಲೆ.

ಪ್ಯಾರಿಸ್ಸಿನ ಬೆರ್ಸಿ ನಿಲ್ದಾಣದಿಂದ ಹೊರಡುವ ಪ್ರಾದೇಶಿಕ ರೈಲಿನಲ್ಲಿ ಸೈಕಲ್ ಸಮೇತ ಮೋಂಬಾರಿನಲ್ಲಿ ಇಳಿದೆ. ಅಲ್ಲಿಂದ ಫೋಂತನೇ ಮಠಕ್ಕೆ ಆರೇಳು ಕಿಲೋಮೀಟರ್. ಕಾಡಿನ ನಡುವಿನ ಇಕ್ಕಟ್ಟಾದ ಕಣಿವೆಯೊಳಕ್ಕೆ ರಸ್ತೆ ಹೋದಂತೆ ಗಾಳಿ ತಂಪಾಗಿ ತೇವವಾಗುತ್ತದೆ, ಪಕ್ಕದಲ್ಲಿ ತೊರೆಯ ಸದ್ದು ಕೇಳತೊಡಗುತ್ತದೆ. ಕ್ಲೇರ್ವೋ ಮಠದ ಮುಖ್ಯಸ್ಥ ಬರ್ನಾರ್ಡ್ 1118ರಲ್ಲಿ ಸ್ಥಾಪಿಸಿದ, ಸಿಸ್ಟರ್ಸಿಯನ್ ಎಂಬ ಕಟ್ಟುನಿಟ್ಟಿನ ಕ್ರೈಸ್ತ ಸನ್ಯಾಸಿ ಪಂಗಡದ ಈ ಮಠಕ್ಕೆ ಬೇಕಾಗಿದ್ದುದು ಎರಡು: ಜನರಿಂದ ದೂರ ಮತ್ತು ಹರಿಯುವ ನೀರು. ಆ ನೀರಿನಿಂದಲೇ ಇಲ್ಲಿನ ಸನ್ಯಾಸಿಗಳು ಕುಲುಮೆಯ ಸುತ್ತಿಗೆಯನ್ನು ನಡೆಸಿದರು. ಮೇಲಿನ ಗುಡ್ಡದಲ್ಲಿ ಕಬ್ಬಿಣದ ಅದಿರು ಸಿಗುತ್ತಿತ್ತು. 53 ಮೀಟರ್ ಉದ್ದದ ಕಲ್ಲಿನ ಕುಲುಮೆಶಾಲೆ ಇಂದಿಗೂ ನಿಂತಿದೆ. ಇಗರ್ಜಿಯ ಒಳಗೆ ಹೆಚ್ಚುಕಡಿಮೆ ಏನೂ ಇಲ್ಲ: ಚಿತ್ರವಿಲ್ಲ, ಬಣ್ಣದ ಗಾಜಿಲ್ಲ, ಬರಿಗೋಡೆ ಮತ್ತು ಬೆಳಕು ಮಾತ್ರ. ಮೇಲಿನ ಮಹಡಿಯ ಒಂದೇ ಉದ್ದನೆಯ ಕೋಣೆಯಲ್ಲಿ ಸನ್ಯಾಸಿಗಳೆಲ್ಲ ಉಟ್ಟ ಬಟ್ಟೆಯಲ್ಲೇ ಮಲಗುತ್ತಿದ್ದರಂತೆ. ಮೇ ತಿಂಗಳಲ್ಲಿಯೇ ಬೆವರಿದ ಅಂಗಿ ಬೆನ್ನಿಗೆ ತಣ್ಣಗೆ ಅಂಟಿಕೊಂಡಾಗ, ಅವರ ಚಳಿಗಾಲ ಹೇಗಿದ್ದೀತೆಂದು ಊಹಿಸುವುದು ಕಷ್ಟವಾಗಲಿಲ್ಲ.

ಮೋಂಬಾರಿನಿಂದ ವೆನಾರೇ-ಲೇ-ಲೋಮ್ ವರೆಗೆ ಬರ್ಗಂಡಿ ಕಾಲುವೆಯ ಏರಿಯ ಮೇಲೆ ಹೋದೆ. 1832ರಲ್ಲಿ ಪೂರ್ತಿ ತೆರೆದ, 242 ಕಿಲೋಮೀಟರ್ ಉದ್ದದ ಈ ಕಾಲುವೆಯಲ್ಲಿ, ದೋಣಿಗಳನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ, 189 ಲಾಕ್‌ಗಳಿವೆ. ಹಿಂದೆ ದೋಣಿಗಳನ್ನು ಎಳೆಯುತ್ತಿದ್ದ ದಾರಿಯಾದ್ದರಿಂದ ಸೈಕಲ್ಲಿಗೆ ಇದಕ್ಕಿಂತ ಸುಲಭದ ದಾರಿಯಿಲ್ಲ, ಮತ್ತು ನಿಜ ಹೇಳಬೇಕೆಂದರೆ ಸ್ವಲ್ಪ ಹೊತ್ತಿನ ನಂತರ ಬೇಸರವೂ ಆಗುತ್ತದೆ.

ವೆನಾರೇಯಲ್ಲಿ ಕಾಲುವೆ ಬಿಟ್ಟರೆ ಎದುರಿಗೆ ನಿಲ್ಲುವುದೇ ಮೋಂ ಓಸ್ವಾ, ಅಂದರೆ ಕ್ರಿ.ಪೂ. 52ರಲ್ಲಿ ಗಾಲ್ (ಫ್ರಾನ್ಸಿನ ಪ್ರಾಚೀನ ಜನ) ನಾಯಕ ವೆರ್ಸಿಂಗೆಟೊರಿಕ್ಸ್ ರೋಮನ್ ಸೇನಾಪತಿ ಸೀಸರನಿಗೆ ಶರಣಾದ ಅಲೇಸಿಯಾ. ಬಯಲಿನಿಂದ ನೂರೈವತ್ತು ಮೀಟರಿನಷ್ಟು ಎದ್ದಿರುವ ಈ ಗುಡ್ಡವನ್ನು ಏರುವಾಗ ನನಗೆ ಅತಿ ಸಣ್ಣ ಗೇರು ಬೇಕಾಯಿತು. ಕವಚ ತೊಟ್ಟು, ಮೇಲಿನಿಂದ ಈಟಿಗಳು ಬೀಳುತ್ತಿರುವಾಗ ಇದನ್ನು ಏರುವ ದುಸ್ಸಾಹಸಕ್ಕೆ ಸೀಸರ್ ಏಕೆ ಕೈಹಾಕಲಿಲ್ಲ ಎಂಬುದು ಅಲ್ಲಿಯೇ ಸ್ಪಷ್ಟವಾಯಿತು. ಆತ ಗುಡ್ಡದ ಸುತ್ತ ಸುಮಾರು 15 ಕಿಲೋಮೀಟರ್ ಉದ್ದದ ಒಂದು ಸುತ್ತುಗೋಟೆಯನ್ನೂ, ಹೊರಗಿನಿಂದ ಬರುವ ನೆರವಿನ ಸೈನ್ಯವನ್ನು ತಡೆಯಲು ಅದರಾಚೆ 21 ಕಿಲೋಮೀಟರಿನ ಇನ್ನೊಂದನ್ನೂ ಕಟ್ಟಿಸಿ, ಒಳಗಿನವರನ್ನು ಹಸಿವಿನಿಂದ ಮಣಿಸಿದ. ನೆತ್ತಿಯಲ್ಲಿ ಫ್ರೆಂಚ್ ಚಕ್ರವರ್ತಿ ಮೂರನೆಯ ನೆಪೋಲಿಯನ್ 1865ರಲ್ಲಿ ನಿಲ್ಲಿಸಿದ ವೆರ್ಸಿಂಗೆಟೊರಿಕ್ಸನ ತಾಮ್ರದ ಪ್ರತಿಮೆಯಿದೆ, ಮುಖ ಮಾತ್ರ ಆ ಚಕ್ರವರ್ತಿಯದನ್ನೇ ಹೋಲುತ್ತದೆಂದು ಜನ ಹೇಳುತ್ತಾರೆ. ಅಲೇಸಿಯಾ ಇದಲ್ಲ, ಪೂರ್ವದ ಜುರಾ ಬೆಟ್ಟಗಳಲ್ಲಿದೆ ಎಂದು ವಾದಿಸುವವರು ಇನ್ನೂ ಇದ್ದಾರೆ. 1990ರ ದಶಕದ ಫ್ರೆಂಚ್–ಜರ್ಮನ್ ಉತ್ಖನನದ ನಂತರ ಆ ವಾದದಲ್ಲಿ ಹುರುಳು ಉಳಿದಿಲ್ಲವೆಂದೇ ನನ್ನ ಅಭಿಪ್ರಾಯ.

ಮುಂದಿನ ಗುಡ್ಡದ ಮೇಲಿನ ಫ್ಲಾವಿನ್ಯಿಯಲ್ಲಿ, ಹಳೆಯ ಬೆನೆಡಿಕ್ಟಿನ್ ಮಠದ ಕಟ್ಟಡದೊಳಗೆ ಸೋಂಪಿನ ಮಿಠಾಯಿ ತಯಾರಾಗುತ್ತದೆ. ಒಂದೊಂದು ಸೋಂಪಿನ ಕಾಳಿನ ಮೇಲೂ ಹದಿನೈದು ದಿನ ಪದರಪದರವಾಗಿ ಸಕ್ಕರೆ ಪಾಕ ಹಿಡಿಸುತ್ತಾರೆ. ನಮ್ಮ ಹೋಟೆಲುಗಳಲ್ಲಿ ಊಟದ ನಂತರ ಕೊಡುವ ಸಕ್ಕರೆ ಸವರಿದ ಸೋಂಪಿಗೆ ಇದು ದೊಡ್ಡಪ್ಪನ ಮಗನಂತಿದೆ: ಬಟಾಣಿ ಗಾತ್ರ, ನುಣುಪಾದ ಬಿಳಿ ಮೈ, ಕಡಿದರೆ ಹಲ್ಲಿಗೆ ಅಪಾಯ. ಒಂದನ್ನು ಬಾಯಲ್ಲಿಟ್ಟುಕೊಂಡರೆ ಎರಡು ಮೂರು ಕಿಲೋಮೀಟರ್ ಬಾಳುತ್ತದೆ, ಕೊನೆಗೆ ಆ ಕಾಳು ನಾಲಗೆಗೆ ಸಿಗುತ್ತದೆ.

ಊಟದ ಮಾತು ಬಂದದ್ದರಿಂದ ಹೇಳುತ್ತೇನೆ: ಈ ಹಳ್ಳಿಗಳಲ್ಲಿ ಮಧ್ಯಾಹ್ನ 12ರಿಂದ 2ರ ನಡುವೆ ಉಣ್ಣದಿದ್ದರೆ ಸಂಜೆಯವರೆಗೆ ಉಪವಾಸವೇ ಗತಿ, ಸೋಮವಾರವಂತೂ ಅನೇಕ ಕಡೆ ಬಾಗಿಲೇ ತೆರೆಯುವುದಿಲ್ಲ. ಸಸ್ಯಾಹಾರಿಯಾದ ನಾನು ಬೆಳಿಗ್ಗೆಯೇ ಬೇಕರಿಯಲ್ಲಿ ಬ್ರೆಡ್ಡು ಕೊಂಡು, ಚೀಸು, ಟೊಮ್ಯಾಟೊ, ಹಣ್ಣು ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ. ನೀರಿಗೆ ಅಲ್ಲಿನ ಸೈಕಲ್ ಸವಾರರು ಹೋಗುವುದು ಸ್ಮಶಾನಕ್ಕೆ. ಗೋರಿಯ ಹೂಗಿಡಗಳಿಗೆಂದು ಅಲ್ಲೊಂದು ನಲ್ಲಿ ಇದ್ದೇ ಇರುತ್ತದೆ. ಮೊದಮೊದಲು ಮನಸ್ಸು ಹಿಂಜರಿದರೂ ಬಿಸಿಲು ಅದನ್ನು ಬಿಡಿಸಿತು. ಕುಡಿಯಲು ಯೋಗ್ಯವಲ್ಲವೆಂಬ ಫಲಕವಿದೆಯೇ ಎಂದು ಮಾತ್ರ ನೋಡಬೇಕು. ಊರ ಹೊರಗೆ ಸೈಕಲ್ಲನ್ನು ಹಿಂದಿಕ್ಕುವ ವಾಹನ ಒಂದೂವರೆ ಮೀಟರ್ ಅಂತರ ಬಿಡಬೇಕೆಂಬ ಕಾನೂನಿದೆ, ಟ್ರ್ಯಾಕ್ಟರಿನವರೂ ಅದನ್ನು ಪಾಲಿಸುವುದನ್ನು ಕಂಡೆ.

ಸೆಮ್ಯೂರ್ ಪಟ್ಟಣ ಅರ್ಮಾಂಸೋಂ ನದಿಯ ತಿರುವಿನಲ್ಲಿ, ಬಂಡೆಯ ಮೇಲೆ ನಾಲ್ಕು ದುಂಡು ಗೋಪುರಗಳೊಡನೆ ನಿಂತಿದೆ. ಒಂದು ಗೋಪುರ ಬಿರುಕು ಬಿಟ್ಟಿರುವುದು ಕೆಳಗಿನ ರಸ್ತೆಯಿಂದಲೇ ಕಾಣುತ್ತದೆ. ಅಲ್ಲಿನ ಇಗರ್ಜಿಯ ಪಕ್ಕದ ಬಾಗಿಲಿನ ಕಂಬದ ಮೇಲೆ ಎರಡು ಬಸವನಹುಳುಗಳನ್ನು ಕೆತ್ತಿದ್ದಾರೆ. ಮೇಲಿನ ಕೆತ್ತನೆ ಸಂತ ತೋಮಸನ ಕಥೆ, ಆತ ಭಾರತದ ರಾಜನ ಬಳಿಗೆ ಹೋದ ಐತಿಹ್ಯ.

ಎಪ್ವಾಸ್, ಅವಾಲೋಂ ದಾಟಿ ಕೂಸಾಂ ಕಣಿವೆಯ ನೆರಳಿನಲ್ಲಿ ಸಾಗಿದರೆ ಸೇಂ-ಪೇರ್ ಬರುತ್ತದೆ. ವೆಜ್ಲೇ ಗುಡ್ಡದ ಮೇಲಿನ ಮಗ್ದಲದ ಮರಿಯಳ ಇಗರ್ಜಿ ಅದಕ್ಕೂ ಮೊದಲೇ, ಹಲವು ಕಿಲೋಮೀಟರ್ ದೂರದಿಂದ, ಮರೆಯಾಗುತ್ತ ಮತ್ತೆ ಕಾಣಿಸಿಕೊಳ್ಳುತ್ತದೆ. ಸ್ಪೇನಿನ ಸಾಂತಿಯಾಗೊಗೆ ನಡೆದುಹೋಗುತ್ತಿದ್ದ ಯಾತ್ರಿಕರಿಗೂ ಅದು ಹೀಗೆಯೇ ಕಂಡಿರಬೇಕು. ಕೊನೆಯ ಎರಡು ಕಿಲೋಮೀಟರ್ ಏರಿ ನಡುಗುವ ಕಾಲುಗಳಲ್ಲಿ ಒಳಾಂಗಣದ ಬಾಗಿಲೆದುರು ನಿಂತೆ. 12ನೆಯ ಶತಮಾನದ ಆ ಬಾಗಿಲಿನ ಮೇಲೆ ಕ್ರಿಸ್ತನ ಸುತ್ತ ಲೋಕದ ದೂರದ ಜನಗಳೆಲ್ಲ ಇದ್ದಾರೆ: ಮೈಮುಚ್ಚುವಷ್ಟು ದೊಡ್ಡ ಕಿವಿಯವರು, ಏಣಿ ಹಾಕಿ ಕುದುರೆ ಹತ್ತುವ ಕುಳ್ಳರು, ನಾಯಿಮೋರೆಯವರು. ನಾಯಿಮೋರೆಯ ಜನ ಭಾರತದ ಬೆಟ್ಟಗಳಲ್ಲಿದ್ದಾರೆಂದು ಗ್ರೀಕ್ ಲೇಖಕ ಕ್ಟೇಸಿಯಸ್ ಎಂದೋ ಬರೆದಿಟ್ಟಿದ್ದ. ಬೆವರು, ಧೂಳು ಮೆತ್ತಿದ ಮುಖದಲ್ಲಿ ನಿಂತಿದ್ದ ನನಗೆ ಆ ಶಿಲ್ಪಿಯನ್ನು ಪೂರ್ತಿ ತಪ್ಪೆನ್ನಲು ಮನಸ್ಸಾಗಲಿಲ್ಲ.

ಮಠಗಳಲ್ಲಿ ಇಂಥ ವಿಕಾರ ಕೆತ್ತನೆಗಳೇಕೆಂದು ಖಂಡಿಸಿ ಬರೆದವನು ಫೋಂತನೇಯನ್ನು ಸ್ಥಾಪಿಸಿದ ಅದೇ ಬರ್ನಾರ್ಡ್; 1146ರಲ್ಲಿ ಎರಡನೆಯ ಧರ್ಮಯುದ್ಧಕ್ಕೆ (ಕ್ರೂಸೇಡ್) ಕರೆಕೊಟ್ಟದ್ದೂ ಇದೇ ಗುಡ್ಡದ ಇಳಿಜಾರಿನಲ್ಲಿ, ರಾಜ ಏಳನೆಯ ಲೂಯಿಯ ಸಮ್ಮುಖದಲ್ಲಿ. ಇಳಿಯುವ ಬೀದಿಯಲ್ಲಿ ಫ್ರೆಂಚ್ ಲೇಖಕ ರೋಮೈನ್ ರೋಲಾ ಅವರ ಮನೆಯಿದೆ. ಗಾಂಧಿ, ರಾಮಕೃಷ್ಣ, ವಿವೇಕಾನಂದರ ಬಗ್ಗೆ ಬರೆದ ಅವರು 1944ರ ಕೊನೆಯಲ್ಲಿ ತೀರಿಕೊಂಡದ್ದು ಇಲ್ಲಿಯೇ. ಈಗ ಅದು ಆಧುನಿಕ ಚಿತ್ರಕಲೆಯ ಮ್ಯೂಸಿಯಂ.

ವೆಜ್ಲೇಯಲ್ಲಿ ರೈಲು ನಿಲ್ದಾಣವಿಲ್ಲ. ಹತ್ತು ಕಿಲೋಮೀಟರ್ ಆಚೆಯ ಸೆರ್ಮಿಜೆಲ್‌ನಲ್ಲಿದೆ, ದಾರಿ ಬಹುಪಾಲು ಇಳಿಜಾರು ಮತ್ತು ಸಮತಟ್ಟು. ರೈಲುಗಳು ಕಡಿಮೆ, ಆದ್ದರಿಂದ ವೇಳಾಪಟ್ಟಿ ನೋಡಿಕೊಂಡೇ ಗುಡ್ಡ ಇಳಿಯುವುದು ಒಳ್ಳೆಯದು.