ಪೌಡರ್ ಕೋಟಿಂಗ್ ಆದ ಚಾಸಿಯಲ್ಲಿ ಅರ್ತಿಂಗ್ ಸಮಸ್ಯೆ: ನನ್ನ ಅನುಭವ

ಹಳೆಯ ಹೀರೋ ಹೋಂಡಾ ಸಿಬಿಝೆಡ್ ಬೈಕನ್ನು ಮನೆಯಲ್ಲೇ ಕೆಫೆ ರೇಸರ್ (ಹಳೆಯ ರೇಸ್ ಬೈಕಿನ ಶೈಲಿ) ಆಗಿ ಮಾರ್ಪಡಿಸುವಾಗ ಚಾಸಿಗೆ, ಅಂದರೆ ಬೈಕಿನ ಲೋಹದ ಚೌಕಟ್ಟಿಗೆ, ಪೌಡರ್ ಕೋಟಿಂಗ್ (ಪುಡಿ ಬಣ್ಣವನ್ನು ಬಿಸಿಯಲ್ಲಿ ಕರಗಿಸಿ ಕೂರಿಸುವ ಲೇಪನ) ಮಾಡಿಸಿದ್ದೆ. ಜೋಡಿಸಿದ ಮೇಲೆ ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿನುಗುವುದು ನಿಲ್ಲುತ್ತಿತ್ತು, ಹಾರ್ನ್ ಗಂಟಲು ಕಟ್ಟಿದಂತೆ ಕೂಗುತ್ತಿತ್ತು.

ಹೊಸ 12 ವೋಲ್ಟ್ ಬ್ಯಾಟರಿ, ಫ್ಲಾಶರ್ (ಇಂಡಿಕೇಟರ್ ಮಿನುಗಿಸುವ ಭಾಗ), ರೆಗ್ಯುಲೇಟರ್ (ಚಾರ್ಜಿಂಗ್ ವೋಲ್ಟೇಜ್ ಹತೋಟಿಯಲ್ಲಿಡುವ ಭಾಗ) ಯಾವುದರಿಂದಲೂ ಗುಣ ಕಾಣಲಿಲ್ಲ. ಎಲ್‌ಇಡಿ ಬಲ್ಬ್ ಹಾಕಿದಾಗ ಲೋಡ್ ತಗ್ಗಿ ದೋಷ ಮರೆಯಾಯಿತೇ ಹೊರತು ಹೋಗಲಿಲ್ಲ.

ದಾರಿ ತೋರಿಸಿದ್ದು ವೋಲ್ಟೇಜ್ ಅಳೆಯುವ ಮಲ್ಟಿಮೀಟರ್. ಅದನ್ನು ಡಿಸಿ 20 ವೋಲ್ಟ್‌ಗೆ ಇಟ್ಟು, ಕಪ್ಪು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಕೆಂಪು ತುದಿಯನ್ನು ಹಾರ್ನ್ ಕೂತಿರುವ ಬೋಲ್ಟಿಗೂ ತಾಗಿಸಿ, ಹಾರ್ನ್ ಒತ್ತಿ ನೋಡಬೇಕು. 0.2 ವೋಲ್ಟ್‌ಗಿಂತ ಕಡಿಮೆ ಬರಬೇಕಾದಲ್ಲಿ 2 ವೋಲ್ಟ್ ದಾಟಿತ್ತು. ಕರೆಂಟು ಚಾಸಿಯ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿಯೇ ಅರ್ತಿಂಗ್. ಅಂದರೆ ಆ ದಾರಿಯ ಬೋಲ್ಟಿನ ಕೆಳಗಿದ್ದ ಹೊಳೆಯುವ ಕೋಟಿಂಗೇ ಕರೆಂಟಿಗೆ ಅಡ್ಡವಾಗಿತ್ತು.

ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಟ್ಯಾಂಕಿನ ಕೆಳಗಿನ ಅರ್ತಿಂಗ್ ಬೋಲ್ಟಿನ ಸುತ್ತ ವಾಷರ್ ಅಗಲದಷ್ಟೇ ಜಾಗವನ್ನು ಉಪ್ಪುಕಾಗದದಿಂದ ಉಜ್ಜಿ ಬರಿಯ ಲೋಹ ಕಾಣಿಸಿದೆ. ಅಲ್ಲಿಗೆ ರಿಂಗ್ ಟರ್ಮಿನಲ್ (ವೈರಿನ ತುದಿಯ ಉಂಗುರ), ಅದರ ಮೇಲೆ ಹಲ್ಲಿನ ವಾಷರ್ ಇಟ್ಟು ಬಿಗಿಮಾಡಿ, ಬಿಗಿಯಾದ ನಂತರವಷ್ಟೇ ತುಕ್ಕು ಹಿಡಿಯದಂತೆ ವ್ಯಾಸಲೀನ್ ಸವರಿದೆ. ಬ್ಯಾಟರಿಯಿಂದ ಈ ಬೋಲ್ಟಿಗೆ, ಅಲ್ಲಿಂದ ಎಂಜಿನ್ ಕೇಸಿಗೆ 2.5 ಚದರ ಮಿಲಿಮೀಟರ್ ವೈರ್ ಎಳೆದೆ. ಮುಂದಿನ ಇಂಡಿಕೇಟರ್‌ಗಳು ಅರ್ತಿಂಗ್‌ಗಾಗಿ ಹ್ಯಾಂಡಲ್‌ನ ಗ್ರೀಸ್ ತುಂಬಿದ ಬೇರಿಂಗನ್ನು ನಂಬಿರಬಾರದು. ಅವಕ್ಕೂ ಪ್ರತ್ಯೇಕ ಅರ್ತ್ ವೈರ್ ಕೊಟ್ಟು, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗುವಷ್ಟು ಸಡಿಲ ಬಿಟ್ಟೆ. ಈಗ ಹಾರ್ನ್ ಒತ್ತಿದಾಗ ಮೀಟರ್ 0.1 ವೋಲ್ಟ್ ತೋರಿಸುತ್ತದೆ.